ಬಾಯಿ ಬಿಟ್ಟ ಗಿಟಾರು

2014ರ ಜನವರಿ. ಮಿನಿಯಾಪೊಲಿಸ್‌ನಲ್ಲಿ ಆನ್‌ಸೈಟ್ ಇದ್ದೆ. ಹೊರಗೆ ಮೈನಸ್ 30 ಡಿಗ್ರಿಯ ಹತ್ತಿರ. ಶಾಲೆಗಳಿಗೆಲ್ಲ ರಜಾ ಕೊಟ್ಟಿದ್ದರು, ನಮಗೂ ಮನೆಯಿಂದಲೇ ಕೆಲಸ ಮಾಡಿ ಅಂದಿದ್ದರು. ಲ್ಯಾಪ್‌ಟಾಪ್ ಮುಂದೆ ಕೂತು ಬಿಲ್ಡ್ ಮುಗಿಯೋದನ್ನೇ ಕಾಯ್ತಾ ಇದ್ದೆ. ಹಿಂದಿನಿಂದ 'ಟಪ್' ಅಂತ ಸದ್ದು. ಒಣಗಿದ ಕಡ್ಡಿಯನ್ನ ಯಾರೋ ಲಟಕ್ಕನೆ ಮುರಿದ ಹಾಗೆ. ತಿರುಗಿ ನೋಡಿದರೆ ಮನೆಯಲ್ಲಿ ನನ್ನ ಬಿಟ್ಟರೆ ಇದ್ದದ್ದು ಸ್ಟ್ಯಾಂಡಿನ ಮೇಲಿನ ಗಿಟಾರು ಒಂದೇ. ಅದರ ಬ್ರಿಡ್ಜ್‌ನ ಪಕ್ಕದಿಂದ ಕೆಳಗಿನ ಅಂಚಿನ ತನಕ ಒಂದು ಗೆರೆ ಮೂಡಿತ್ತು. ಕೂದಲೆಳೆಯಷ್ಟು ಸಣ್ಣದು.

ಅದು 1974ರ ಮಾರ್ಟಿನ್ ಡಿ-28. ನನಗಿಂತ ವಯಸ್ಸಿನಲ್ಲಿ ದೊಡ್ಡದು. ತಿಂಗಳುಗಟ್ಟಲೆ ಅಲೋವೆನ್ಸ್ ಉಳಿಸಿ, ಊರಿಗೆ ಕಳಿಸೋ ದುಡ್ಡಲ್ಲೂ ಸ್ವಲ್ಪ ಹಿಡಿದು, ಸೆಕೆಂಡ್ ಹ್ಯಾಂಡ್ ತಗೊಂಡಿದ್ದೆ. ಮನೆಯಲ್ಲಿ ಇದನ್ನ ಹೇಳಿರಲಿಲ್ಲ. ಆ ಗೆರೆ ನೋಡಿ ಹೊಟ್ಟೆಯೊಳಗೆ ಏನಾಯ್ತು ಅನ್ನೋದನ್ನ ವಿವರಿಸಲ್ಲ. ಆದರೆ ಆಮೇಲೆ ನಾನು ಮಾಡಿದ್ದನ್ನ ಹೇಳಲೇಬೇಕು. ಡ್ರಾಯರ್‌ನಲ್ಲಿದ್ದ ಸೂಪರ್ ಗ್ಲೂ ತೆಗೆದು ಆ ಸೀಳಿನ ಉದ್ದಕ್ಕೂ ಹಿಂಡಿದೆ.

ವಾರ ಬಿಟ್ಟು ಅದನ್ನ ಒಬ್ಬ ರಿಪೇರಿಯವರ ಹತ್ತಿರ ತಗೊಂಡು ಹೋದೆ. ಎಪ್ಪತ್ತರ ಆಸುಪಾಸಿನ ಮನುಷ್ಯ. ಗಿಟಾರನ್ನ ದೀಪದ ಕೆಳಗೆ ಹಿಡಿದು ಬಹಳ ಹೊತ್ತು ನೋಡಿದರು. ಬಿರುಕು ಒಂದು ಗಂಟೆಯ ಕೆಲಸ, ನಿಮ್ಮ ಅಂಟು ತೆಗೆಯೋದು ಎರಡು ದಿನದ ಕೆಲಸ ಅಂದರು. ಬೈಯಲಿಲ್ಲ. ಬೈದಿದ್ದರೆ ವಾಸಿ ಇತ್ತು.

ಆ ಚಳಿಗಾಲವಿಡೀ ನಾನು ಓದಿದ್ದು ಗಿಟಾರ್ ಬಿರುಕುಗಳ ಚರಿತ್ರೆಯನ್ನ. ಹಾಗೂ ಒಂದು ಚರಿತ್ರೆ ಇದೆಯಾ ಅಂತ ಕೇಳಬೇಡಿ. ಇದೆ. ಹಳೇ ಗಿಟಾರಿನ ಮೈಮೇಲಿನ ಒಂದೊಂದು ಸೀಳೂ ಒಂದೊಂದು ಕಾಲದಲ್ಲಿ ಜನ ಅದರಿಂದ ಏನು ಕೇಳಿದರು ಅನ್ನೋದರ ಗುರುತು. ವಯಸ್ಸಾಯ್ತು ಅಂತ ಮಾತ್ರ ಯಾವ ಗಿಟಾರೂ ಸೀಳೋದಿಲ್ಲ.

ಮೊದಲು ಮರದ ವಿಚಾರ. ಮರ ಅಂದರೆ ಒಂದು ಹುಲ್ಲಿನ ಕಂತೆ ಅಂದ್ಕೊಳ್ಳಿ. ಒಣಗಿದಾಗ ಕಂತೆ ಸಣ್ಣಗಾಗುತ್ತೆ, ಗಿಡ್ಡ ಆಗೋದಿಲ್ಲ. ಮರವೂ ಅಷ್ಟೇ. ಉದ್ದಕ್ಕೆ ಹೆಚ್ಚೂಕಡಿಮೆ ಹಾಗೇ ಇರುತ್ತೆ, ಅಗಲಕ್ಕೆ ಕುಗ್ಗುತ್ತೆ, ಹಿಗ್ಗುತ್ತೆ. ಗಿಟಾರಿನ ಮುಂದಿನ ಹಲಗೆ ಸುಮಾರು 3 ಮಿಲಿಮೀಟರ್ ದಪ್ಪದ ಸ್ಪ್ರೂಸ್ ಮರ. ತಂತಿಯ ಎಳೆತಕ್ಕೆ ಅದು ಸೊಟ್ಟಗಾಗದಿರಲಿ ಅಂತ ಒಳಗಡೆ ಅಡ್ಡಡ್ಡ ಪಟ್ಟಿಗಳನ್ನ ಅಂಟಿಸಿರ್ತಾರೆ. ಹಲಗೆಯ ಎಳೆಗಳು ಒಂದು ದಿಕ್ಕಿಗೆ, ಪಟ್ಟಿಯ ಎಳೆಗಳು ಇನ್ನೊಂದು ದಿಕ್ಕಿಗೆ. ಒಳ್ಳೆ ಕಾರ್ಖಾನೆಗಳಲ್ಲಿ ಗಾಳಿಯ ತೇವ ನೂರಕ್ಕೆ 45ರ ಸುಮಾರಿನಲ್ಲಿಟ್ಟು ಗಿಟಾರ್ ಕಟ್ಟುತ್ತಾರೆ. ಅದೇ ಗಿಟಾರು ತೇವ 20ಕ್ಕೆ ಇಳಿದ ಕೋಣೆಯಲ್ಲಿ ವಾರಗಟ್ಟಲೆ ಇದ್ದರೆ 40 ಸೆಂಟಿಮೀಟರ್ ಅಗಲದ ಹಲಗೆ ಸುಮಾರು 2 ಮಿಲಿಮೀಟರ್ ಕುಗ್ಗೋಕೆ ಹೊರಡುತ್ತೆ. ಒಳಗಿನ ಪಟ್ಟಿ ಕುಗ್ಗೋದಿಲ್ಲ, ಹಲಗೆಯನ್ನ ಬಿಡೋದೂ ಇಲ್ಲ. ಇನ್ನೇನು ಮಾಡುತ್ತೆ? ಟಪ್.

ನಮ್ಮೂರಲ್ಲಿ ಬೇಸಿಗೆ ಬಂದಾಗ ಗಾಡಿ ಚಕ್ರ ಒಣಗಿ, ಮೇಲಿನ ಕಬ್ಬಿಣದ ಪಟ್ಟಿ ಸಡಿಲ ಆಗ್ತಿತ್ತು. ಅಜ್ಜ ಚಕ್ರ ಬಿಚ್ಚಿ ಕೆರೆಯಲ್ಲಿ ಮುಳುಗಿಸಿಡ್ತಿದ್ದರು. ಮೂರು ದಿನ ಬಿಟ್ಟು ತೆಗೆದರೆ ಬಿಗಿಯಾಗಿರ್ತಿತ್ತು. ಇದನ್ನ ಕಣ್ಣಾರೆ ನೋಡಿ ಬೆಳೆದವನು ನಾನು. ಅಂಥವನು ನಲವತ್ತು ವರ್ಷಕ್ಕೆ ಹತ್ತಿರವಾದ ಗಿಟಾರನ್ನ ಹೀಟರ್ ಗಾಳಿ ಬರೋ ಜಾಗದ ಪಕ್ಕದಲ್ಲೇ ನಿಲ್ಲಿಸಿದ್ದೆ. ಬಿಇ ಓದಿ ಏನು ಬಂತು!

ಈಗ ಮಾರ್ಟಿನ್ ಮನೆತನದ ಕಥೆ. ಜರ್ಮನಿಯ ಸ್ಯಾಕ್ಸನಿ ಪ್ರಾಂತ್ಯದಲ್ಲಿ ಮಾರ್ಕ್‌ನೊಯ್‌ಕಿರ್ಶೆನ್ ಅಂತ ಒಂದು ಊರು. ವಾದ್ಯ ಮಾಡುವವರ ಊರು. ಅಲ್ಲಿನ ಪಿಟೀಲು ಮಾಡುವವರ ಸಂಘಕ್ಕೂ ಪೀಠೋಪಕರಣ ಮಾಡುವ ಬಡಗಿಗಳ ಸಂಘಕ್ಕೂ ಜಗಳ. ಬಡಗಿಗಳು ಗಿಟಾರು ಮಾಡಬಾರದು, ವಾದ್ಯ ನಮ್ಮ ಕಸುಬು ಅಂತ ಪಿಟೀಲಿನವರ ತಕರಾರು. ಮಾರ್ಟಿನ್‌ನವರು ಬಡಗಿಗಳ ಕಡೆಯವರು. ಮಗ ಕ್ರಿಶ್ಚಿಯನ್ ಫ್ರೆಡರಿಕ್ ವಿಯೆನ್ನಾದಲ್ಲಿ ಯೋಹಾನ್ ಸ್ಟೌಫರ್ ಅನ್ನೋ ಹೆಸರಾಂತ ಗಿಟಾರ್ ತಯಾರಕನ ಹತ್ತಿರ ಕೆಲಸ ಕಲಿತು ಬಂದಿದ್ದ. ಜಗಳ ಸಾಕಾಗಿ 1833ರಲ್ಲಿ ನ್ಯೂಯಾರ್ಕಿಗೆ ಹೊರಟುಬಿಟ್ಟ. ಕೆಲವೇ ವರ್ಷಗಳಲ್ಲಿ ಪೆನ್ಸಿಲ್ವೇನಿಯಾದ ನಜರೆತ್ ಅನ್ನೋ ಸಣ್ಣ ಊರಿಗೆ ಹೋಗಿ ನೆಲೆಸಿದ. ಕಂಪನಿ ಇವತ್ತಿಗೂ ಅಲ್ಲೇ ಇದೆ. ಕಸುಬು ಯಾರದ್ದು ಅನ್ನೋ ಜಗಳ ನಮಗೇನು ಹೊಸದಲ್ಲ ಬಿಡಿ.

ಅವತ್ತಿನ ಗಿಟಾರಿಗೆ ಪ್ರಾಣಿಯ ಕರುಳಿನ ತಂತಿ. ಎಳೆತ ಕಡಿಮೆ, ಮೈ ಹಗುರ. 1840ರ ದಶಕದಲ್ಲಿ ಮಾರ್ಟಿನ್ ಒಳಗಿನ ಪಟ್ಟಿಗಳನ್ನ ಇಂಗ್ಲಿಷಿನ ಎಕ್ಸ್ ಅಕ್ಷರದ ಆಕಾರದಲ್ಲಿ ಜೋಡಿಸೋಕೆ ಶುರು ಮಾಡಿದ. ಕರುಳಿನ ತಂತಿಗೆ ಅಷ್ಟು ಗಟ್ಟಿ ಕಟ್ಟಡ ಬೇಕೇ ಇರಲಿಲ್ಲ. ಅದು ನಿಜವಾಗಿ ಕೆಲಸಕ್ಕೆ ಬಂದದ್ದು ಎಂಬತ್ತು ವರ್ಷ ಆದಮೇಲೆ. 1920ರ ದಶಕದಲ್ಲಿ ಜನಕ್ಕೆ ಜೋರು ಸದ್ದು ಬೇಕಾಯ್ತು. ಬ್ಯಾಂಜೋ ಪಕ್ಕದಲ್ಲಿ ಕೂತರೂ ಕೇಳಿಸಬೇಕು. ಮಾರ್ಟಿನ್ ಕಂಪನಿ 1922ರಿಂದ ತನ್ನ ಮಾಮೂಲಿ ಗಿಟಾರುಗಳಿಗೂ ಉಕ್ಕಿನ ತಂತಿ ಹಾಕೋಕೆ ಶುರು ಮಾಡಿತು. ಇವತ್ತು ಆರು ಉಕ್ಕಿನ ತಂತಿ ಸೇರಿ ಸುಮಾರು 70 ಕಿಲೋ ಎಳೆಯುತ್ತವೆ. 3 ಮಿಲಿಮೀಟರಿನ ಹಲಗೆಗೆ ಒಬ್ಬ ದೊಡ್ಡ ಮನುಷ್ಯ ಹಗಲೂ ರಾತ್ರಿ ಜೋತು ಬಿದ್ದ ಲೆಕ್ಕ. ಕರುಳಿನ ತಂತಿಗೆ ಅಂತ ಮಾಡಿದ್ದ ಹಳೇ ಗಿಟಾರುಗಳಿಗೂ ಉಕ್ಕಿನ ತಂತಿ ಬಿಗಿದರು ನೋಡಿ, ಎಷ್ಟೋ ಗಿಟಾರುಗಳ ಹೊಟ್ಟೆ ಉಬ್ಬಿತು, ಬ್ರಿಡ್ಜ್ ಕಿತ್ತು ಬಂತು, ಎದೆ ಸೀಳಿತು.

ಇನ್ನೊಂದು ಜಾತಿಯ ಬಿರುಕು ಇದೆ. ಇದನ್ನ ಕಂಪನಿಯೇ ಗೊತ್ತಿಲ್ಲದೆ ಗಿಟಾರಿನ ಜೊತೆ ಕೊಟ್ಟು ಕಳಿಸುತ್ತಿತ್ತು. ಬೆರಳು, ಪಿಕ್ ತಾಗಿ ಮರ ಗೀಚದಿರಲಿ ಅಂತ ಧ್ವನಿರಂಧ್ರದ ಪಕ್ಕ ಪ್ಲಾಸ್ಟಿಕ್ ಹಾಳೆ ಅಂಟಿಸಿರ್ತಾರೆ, ಪಿಕ್‌ಗಾರ್ಡ್ ಅಂತ. 1930ರ ದಶಕದಿಂದ 80ರ ದಶಕದ ನಡುವಿನ ತನಕ ಮಾರ್ಟಿನ್‌ನವರು ಇದನ್ನ ಪಾಲಿಶ್ ಇಲ್ಲದ ಬರೀ ಮರಕ್ಕೇ ಅಂಟಿಸಿ, ಅದರ ಮೇಲೆ ವಾರ್ನಿಶ್ ಹೊಡೀತಿದ್ದರು. ನೋಡೋಕೆ ಚೆಂದ. ಆದರೆ ಆ ಪ್ಲಾಸ್ಟಿಕ್ ವರ್ಷ ಕಳೆದಂತೆ ಕುಗ್ಗುತ್ತೆ, ಅಂಚು ಮುದುರುತ್ತೆ, ಕುಗ್ಗುವಾಗ ಅಡಿಯ ಮರವನ್ನೂ ಎಳೆದುಕೊಳ್ಳುತ್ತೆ. ಪಿಕ್‌ಗಾರ್ಡಿನ ಅಂಚಿಗೆ ಬ್ರಿಡ್ಜ್‌ನಿಂದ ಮೇಲಕ್ಕೆ ಒಂದು ಉದ್ದ ಸೀಳು. ಆ ಕಾಲದ ಮಾರ್ಟಿನ್‌ಗಳಲ್ಲಿ ಇದು ಎಷ್ಟು ಮಾಮೂಲಿ ಅಂದರೆ ಹಳೇ ಗಿಟಾರು ಕೊಳ್ಳುವವರು ಮೊದಲು ನೋಡೋದೇ ಅಲ್ಲಿ. ಕಾಪಾಡೋಕೆ ಅಂತ ಹಾಕಿದ್ದೇ ಸೀಳ್ತು. ಸಾಫ್ಟ್‌ವೇರಿನಲ್ಲಿ ಇಂಥ ಪ್ಯಾಚುಗಳನ್ನ ನಾನೂ ಸಾಕಷ್ಟು ಬರೆದಿದ್ದೇನೆ.

ನನ್ನ ಗಿಟಾರಿಗೂ ಅದು ಇತ್ತು. ರಿಪೇರಿಯವರು ಸಣ್ಣ ಕನ್ನಡಿ, ದೀಪ ಒಳಗೆ ಇಳಿಸಿ ತೋರಿಸಿದರು. ನಾನು ಕೊಳ್ಳುವಾಗಲೇ ಪಿಕ್‌ಗಾರ್ಡ್ ಅಡಿಯಲ್ಲಿ ಒಂದು ಹಳೇ ಬಿರುಕು ಇತ್ತಂತೆ, ಯಾರೋ ಹಿಂದೆಯೇ ನೀಟಾಗಿ ಕೂಡಿಸಿದ್ದರು. ಒಳಗೆ ಹೆಬ್ಬೆಟ್ಟಿನ ಉಗುರಿನಷ್ಟು ಅಗಲದ ನಾಲ್ಕು ಸ್ಪ್ರೂಸ್ ತೇಪೆ. ಪಕ್ಕದಲ್ಲಿ ಪೆನ್ಸಿಲ್‌ನಲ್ಲಿ ಬರೆದ ಒಂದು ತಾರೀಖು, 1991ರದ್ದು. ನನಗಿಂತ ಮುಂಚೆ ಇದನ್ನ ಯಾರೋ ಜೋಪಾನ ಮಾಡಿದ್ದರು ಅನ್ನೋದು ಗೊತ್ತಾದದ್ದು ಆಗಲೇ. ನಾಚಿಕೆ ಆಯ್ತು.

ಹಿಂದಿನ ಹಲಗೆಯನ್ನ ಬೆರಳಲ್ಲಿ ಕುಟ್ಟಿ ಅವರು, ಇದು ನಿಮ್ಮ ದೇಶದ್ದೇ ಅಂದರು. ಈಸ್ಟ್ ಇಂಡಿಯನ್ ರೋಸ್‌ವುಡ್. ನಮ್ಮ ಬೀಟೆ! ಆ ಕಪ್ಪು ನೇರಳೆ ಬಣ್ಣ ನೋಡಿ ನನಗೆ ಅಲ್ಲಿಯ ತನಕ ಹೊಳೆದೇ ಇರಲಿಲ್ಲ. ನಮ್ಮ ಮಲೆನಾಡಿನ ತೋಟದ ಬದುವಿನಲ್ಲಿ ಬೀಟೆ ಮರ ನಿಂತಿದೆ. ಸ್ವಂತ ಜಮೀನಿನಲ್ಲಿದ್ದರೂ ಅರಣ್ಯ ಇಲಾಖೆಯ ಅಪ್ಪಣೆ ಇಲ್ಲದೆ ಕಡಿಯೋ ಹಾಗಿಲ್ಲ. ಮೊದಲೆಲ್ಲ ಮಾರ್ಟಿನ್‌ನವರು ಬಳಸ್ತಿದ್ದದ್ದು ಬ್ರೆಜಿಲ್ ದೇಶದ ರೋಸ್‌ವುಡ್. 1960ರ ದಶಕದ ಕೊನೆಗೆ ಬ್ರೆಜಿಲ್ ಇಡೀ ದಿಮ್ಮಿಗಳ ರಫ್ತು ನಿಲ್ಲಿಸಿತು. 1969ರಲ್ಲಿ ಡಿ-28ಕ್ಕೆ ನಮ್ಮ ಪಶ್ಚಿಮ ಘಟ್ಟ ಸೀಮೆಯ ಬೀಟೆಯ ಜಾತಿ ಬಂತು. 1992ರಿಂದ ಬ್ರೆಜಿಲ್ ಮರದ ಅಂತರರಾಷ್ಟ್ರೀಯ ವ್ಯಾಪಾರ ಹೆಚ್ಚೂಕಡಿಮೆ ನಿಷೇಧ. ಸಂಗ್ರಾಹಕರು ಇವತ್ತಿಗೂ ಬ್ರೆಜಿಲ್ ಮರಕ್ಕೇ ಬಾಯಿ ಬಿಡ್ತಾರೆ, ರೇಟೂ ಹಾಗೇ ಇದೆ. ಆದರೆ ಬಿರುಕಿನ ಮಾತಿಗೆ ಬಂದರೆ ರಿಪೇರಿಯವರನ್ನ ಕೇಳಿ ನೋಡಿ. ಬ್ರೆಜಿಲ್ ಮರ ಸೀಳೋದರಲ್ಲಿ ಹೆಸರುವಾಸಿ. ನಮ್ಮದು ತೇವ ಏರಿದರೂ ಇಳಿದರೂ ಅಷ್ಟಾಗಿ ಆಡೋದಿಲ್ಲ. ನನ್ನ ಗಿಟಾರಿನ ಎದೆ ಸೀಳಿತ್ತು, ಬೆನ್ನಿಗೆ ಏನೂ ಆಗಿರಲಿಲ್ಲ.

ಅದೇ 1969ರ ಇನ್ನೊಂದು ಗಿಟಾರಿನ ಕಥೆ ಹೇಳದೆ ಮುಂದಕ್ಕೆ ಹೋಗೋಕಾಗಲ್ಲ. ಅಮೆರಿಕದ ಹಾಡುಗಾರ ವಿಲ್ಲಿ ನೆಲ್ಸನ್ ಅವರ ಗಿಟಾರನ್ನ ಟೆಕ್ಸಾಸ್‌ನ ಒಂದು ಕಾರ್ಯಕ್ರಮದಲ್ಲಿ ಕುಡಿದವನೊಬ್ಬ ತುಳಿದುಬಿಟ್ಟ. ಬದಲಿಗೆ ಕಣ್ಣಲ್ಲೂ ನೋಡದೆ 750 ಡಾಲರ್ ಕೊಟ್ಟು ತಗೊಂಡದ್ದು ಮಾರ್ಟಿನ್ ಎನ್-20. ಅದು ನೈಲಾನ್ ತಂತಿಯ ಗಿಟಾರು, ಬೆರಳಲ್ಲಿ ಮೀಟಬೇಕಾದದ್ದು. ಅದಕ್ಕೇ ಪಿಕ್‌ಗಾರ್ಡ್ ಇಲ್ಲ. ಅವರು ಪಿಕ್ ಹಿಡಿದು ಬಾರಿಸಿದರು, ದಶಕಗಟ್ಟಲೆ. ಧ್ವನಿರಂಧ್ರದ ಪಕ್ಕ ಇನ್ನೊಂದು ತೂತು ಬಿತ್ತು. 1970ರಲ್ಲಿ ಮನೆಗೆ ಬೆಂಕಿ ಬಿದ್ದಾಗ ಒಳಗೆ ನುಗ್ಗಿ ಅದನ್ನ ಎತ್ತಿಕೊಂಡು ಬಂದರು. 1990ರ ಹೊತ್ತಿಗೆ ತೆರಿಗೆ ಇಲಾಖೆ ಆಸ್ತಿ ಜಪ್ತಿಗೆ ಬಂದಾಗ ಅದು ಬಚ್ಚಿಟ್ಟು ಉಳಿಯಿತು. ಹೆಸರು ಟ್ರಿಗರ್. ಆಸ್ಟಿನ್‌ನ ಮಾರ್ಕ್ ಅರ್ಲೆವೈನ್ ಎಪ್ಪತ್ತರ ದಶಕದಿಂದ ಅದನ್ನ ನೋಡಿಕೊಳ್ತಾ ಬಂದರು. ಒಳಗಿನ ಪಟ್ಟಿ ಗಟ್ಟಿ ಮಾಡೋದು, ಮೇಲೆ ಲ್ಯಾಕರ್ ಹಚ್ಚೋದು. ಹೊಸ ಹಲಗೆ ಹಾಕಲಿಲ್ಲ. ತೂತನ್ನ ಮುಚ್ಚಲೂ ಇಲ್ಲ.

ಇದಕ್ಕೆ ಪೂರ್ತಿ ಉಲ್ಟಾ 2015ರ 'ದಿ ಹೇಟ್‌ಫುಲ್ ಎಯ್ಟ್' ಸಿನಿಮಾದ ಪ್ರಸಂಗ. ಮಾರ್ಟಿನ್ ಮ್ಯೂಸಿಯಂನಿಂದ 1870ರ ದಶಕದ ಗಿಟಾರೊಂದನ್ನ ಶೂಟಿಂಗಿಗೆ ತಂದಿದ್ದರು. ಒಡೆಯಬೇಕಾದದ್ದು ನಕಲಿಯನ್ನ. ನಟ ಕರ್ಟ್ ರಸೆಲ್ ಕೈಗೆ ಸಿಕ್ಕಿದ್ದು ಅಸಲಿ. ನೂರಾನಲವತ್ತು ವರ್ಷದ ಮರ ಒಂದೇ ಏಟಿಗೆ ಪುಡಿ. ಮ್ಯೂಸಿಯಂನವರು ಇನ್ನು ಯಾವ ಸಿನಿಮಾಕ್ಕೂ ಗಿಟಾರು ಕೊಡಲ್ಲ ಅಂದರು.

ರಿಪೇರಿಗೆ ಬರೋಣ. ಹಳೆಯವರು ಗಿಟಾರ್ ಕಟ್ಟುತ್ತಿದ್ದದ್ದು ಪ್ರಾಣಿಯ ಚರ್ಮ ಬೇಯಿಸಿ ತೆಗೆದ ಅಂಟಿನಿಂದ. ಬಿಸಿಮಾಡಿ ಹಚ್ಚಬೇಕು, ವಾಸನೆ ಬೇರೆ. ಆದರೆ ಅದಕ್ಕೊಂದು ದೊಡ್ಡ ಗುಣ ಇದೆ: ಬಿಸಿ, ತೇವ ಎರಡೂ ಕೊಟ್ಟರೆ ಬಿಟ್ಟುಕೊಳ್ಳುತ್ತೆ. ನೂರು ವರ್ಷ ಆದಮೇಲೆ ಇನ್ಯಾರೋ ಬಿಚ್ಚಬೇಕಾಗಿ ಬಂದರೆ ಬಿಚ್ಚಬಹುದು. ಸೂಪರ್ ಗ್ಲೂ ಮರದ ಎಳೆಗಳೊಳಗೆ ಇಳಿದು ಕಲ್ಲಾಗುತ್ತೆ. ಬಿರುಕಿನ ಎರಡು ಅಂಚು ಮೇಲೆ ಕೆಳಗೆ ಇದ್ದರೆ ಹಾಗೇ ಗಟ್ಟಿ ಆಗುತ್ತೆ, ಆಮೇಲೆ ಒಳ್ಳೆ ಅಂಟು ಹಾಕಿದರೂ ಹಿಡಿಯೋದಿಲ್ಲ. ನನ್ನದರಲ್ಲಿ ಆದದ್ದು ಅದೇ.

ಸರಿಯಾದ ದಾರಿ ಹೀಗಂತೆ. ಮೊದಲು ಏನೂ ಅಂಟು ಹಾಕಬೇಡಿ. ತಂತಿ ಸಡಿಲಿಸಿ, ಗಿಟಾರನ್ನ ಪೆಟ್ಟಿಗೆಯಲ್ಲಿಟ್ಟು ಮೆಲ್ಲಗೆ ತೇವ ಕೊಡಿ. ಒಂದು ವಾರ, ಎರಡು ವಾರ. ಮರ ನೀರು ಕುಡಿದು ಹಿಗ್ಗಿದಾಗ ಎಷ್ಟೋ ಬಿರುಕು ತಾನಾಗೇ ಮುಚ್ಚಿಕೊಳ್ಳುತ್ತೆ, ಕಣ್ಣಿಗೂ ಕಾಣಲ್ಲ. ಕೆರೆಯಲ್ಲಿ ಮುಳುಗಿದ ಚಕ್ರ! ಆಮೇಲೆ ಅಂಟನ್ನ ಬೆರಳಲ್ಲಿ ಒತ್ತಿ ಒತ್ತಿ ಒಳಗೆ ಇಳಿಸಿ, ಅಂಚುಗಳನ್ನ ಸಮ ಮಾಡಿ, ಬಿಗಿದು ಬಿಡಬೇಕು. ಒಳಗಿನಿಂದ ಸಣ್ಣ ತೇಪೆಗಳು, ಅವುಗಳ ಎಳೆ ಬಿರುಕಿಗೆ ಅಡ್ಡವಾಗಿ. ಕೈ ಹೋಗದ ಕಡೆ ಒಳಗೊಂದು ಹೊರಗೊಂದು ಅಯಸ್ಕಾಂತ ಇಟ್ಟು ತೇಪೆಯನ್ನ ಒತ್ತಿ ಹಿಡಿಸ್ತಾರೆ. ತೇವ ಕೊಟ್ಟರೂ ಮುಚ್ಚದ ಬಿರುಕಿಗೆ ಮಾತ್ರ ಅದೇ ಜಾತಿಯ ಮರದ ತೆಳು ಚಕ್ಕೆ ಕೆತ್ತಿ ಕೂರಿಸ್ತಾರೆ. ನನ್ನ ಅಂಟು ಕೆರೆದು ತೆಗೆದ ಮೇಲೆ ಅಲ್ಲಿ ಮರವೇ ಇಲ್ಲದ ಹಾಗಾಗಿತ್ತು, ಹಾಗಾಗಿ ನನಗೆ ಬಂದದ್ದು ಚಕ್ಕೆ. ಹಳೇ ಹಲಗೆ ಜೇನಿನ ಬಣ್ಣ, ಚಕ್ಕೆ ಸ್ವಲ್ಪ ಬಿಳಿ. ಬಣ್ಣ ಹಚ್ಚಿ ಅಡಗಿಸಲಾ ಅಂತ ಕೇಳಿದರು. ಬೇಡ ಅಂದೆ.

ಈಗ ನಾನಿರೋದು ಬೆಂಗಳೂರಲ್ಲಿ. ಇಲ್ಲಿ ಚಳಿ ಇಲ್ಲ, ಭಯ ಇಲ್ಲ ಅಂದ್ಕೊಂಡಿದ್ದೆ. ಮಾರ್ಚ್ ತಿಂಗಳ ಮಧ್ಯಾಹ್ನ ತೇವ ಅಳೆಯುವ ಮೀಟರ್ ನೋಡಿದರೆ 28. ಎಸಿ ಹಾಕಿದರೆ ಇನ್ನೂ ಇಳಿಯುತ್ತೆ. ಜುಲೈ ಬಂದರೆ 80, ಆಗ ಹಲಗೆ ಉಬ್ಬಿ ತಂತಿ ಮೇಲೇರಿ ಬೆರಳು ನೋಯುತ್ತೆ. 45ರಿಂದ 55ರ ನಡುವೆ ಇರಬೇಕು ಅಂತ ಲೆಕ್ಕ. ಪೆಟ್ಟಿಗೆಯಲ್ಲಿಡಿ, ಗೋಡೆಗೆ ನೇತು ಹಾಕಬೇಡಿ. ತೂತು ಹೊಡೆದ ಸೋಪಿನ ಡಬ್ಬಿಯಲ್ಲಿ ಒದ್ದೆ ಮಾಡಿ ಹಿಂಡಿದ ಸ್ಪಂಜ್ ಇಟ್ಟರೆ ಬೇಸಿಗೆಗೆ ಸಾಕು. ನೀರು ತೊಟ್ಟಿಕ್ಕಬಾರದು ಅಷ್ಟೇ. ಕಾರಿನಲ್ಲಿ ಮಾತ್ರ ಬಿಟ್ಟು ಹೋಗಲೇಬೇಡಿ. ಇನ್ನು ಅಂಗಡಿಯಲ್ಲಿ ಐದಾರು ಸಾವಿರಕ್ಕೆ ಸಿಗೋ ಪ್ಲೈವುಡ್ ಗಿಟಾರು ಇದ್ದವರಿಗೆ ಈ ಯಾವ ಗೋಳೂ ಇಲ್ಲ. ಅಡ್ಡ ಎಳೆಯ ಪದರಗಳು ಇರೋದರಿಂದ ಅದು ಸುಲಭಕ್ಕೆ ಸೀಳಲ್ಲ. ಅಂಥವರು ಆರಾಮಾಗಿ ಬಾರಿಸಿ.

ಹೋದ ದೀಪಾವಳಿಗೆ ಊರಿಗೆ ಒಯ್ದಿದ್ದೆ. ಅಪ್ಪನಿಗೆ ಗಿಟಾರು ಅಂದರೆ ಸಿನಿಮಾದವರ ವಸ್ತು. ಆದರೂ ಪೆಟ್ಟಿಗೆ ತೆಗೆದಾಗ ಹತ್ತಿರ ಬಂದರು. ಮುಂದಿನ ಬಿಳಿ ಚಕ್ಕೆಯ ಮೇಲೆ ಬೆರಳಾಡಿಸಿ, ತಿರುಗಿಸಿ, ಬೆನ್ನನ್ನ ಎರಡು ಸಲ ಕುಟ್ಟಿ ಕಿವಿಗೊಟ್ಟರು.

"ಬೀಟೆ ಅಲ್ವೇನೋ ಇದು?"

ಹೌದಪ್ಪ ಅಂದೆ.

"ಪರ್ಮಿಟ್ ಐತಾ?"