ಗೋಕರ್ಣ, ಮುರ್ಡೇಶ್ವರಗಳ ನಡುವೆ ಧಾರೇಶ್ವರ: ಕೀವರ್ಡ್ ಲೆಕ್ಕಾಚಾರದ ಐದು ದಶಕ

ಕುಮಟಾದಿಂದ ಹೊನ್ನಾವರಕ್ಕೆ ಹೋಗುವ ಹೆದ್ದಾರಿ 66ರಲ್ಲಿ ಧಾರೇಶ್ವರ ಸಿಗುತ್ತದೆ. ಆತ್ಮಲಿಂಗದ ಕಥೆಯಲ್ಲಿ ಗೋಕರ್ಣ, ಮುರ್ಡೇಶ್ವರಗಳ ಜೊತೆ ಇದಕ್ಕೂ ಪಾಲಿದೆ, ಪಂಚಕ್ಷೇತ್ರಗಳಲ್ಲಿ ಒಂದು. ಗೂಗಲ್‌ನಲ್ಲಿ ಮಾತ್ರ ಆ ಪಾಲು ಸಮನಾಗಿಲ್ಲ. ಗೋಕರ್ಣ ಎಂದು ಹುಡುಕಿದರೆ ಹೋಟೆಲ್ ಬುಕಿಂಗ್ ಕಂಪನಿಗಳು, ಪ್ರವಾಸಿ ಜಾಲತಾಣಗಳು ಸಾಲುಗಟ್ಟುತ್ತವೆ. ಧಾರೇಶ್ವರ ಎಂದರೆ ಧಾರಾನಾಥ ದೇವಸ್ಥಾನದ ಜೊತೆಗೆ ಬಡಗುತಿಟ್ಟಿನ ಯಕ್ಷಗಾನ ಭಾಗವತ ಸುಬ್ರಹ್ಮಣ್ಯ ಧಾರೇಶ್ವರರ ಪದ್ಯಗಳೂ ಬರುತ್ತವೆ. ಊರಿನಲ್ಲಿ ಎರಡು ರೂಮಿನ ಹೋಮ್‌ಸ್ಟೇ ನಡೆಸುವವರು ತಮ್ಮ ಪುಟಕ್ಕೆ ಯಾವ ಪದ ಆರಿಸಬೇಕು? ಬಹಳ ಜನ ಹುಡುಕುವ ಪದವನ್ನೋ, ಪೈಪೋಟಿ ಕಡಿಮೆಯಿರುವ ಪದವನ್ನೋ? ಉತ್ತರ ಕಾಲಕಾಲಕ್ಕೆ ಬದಲಾಗಿದೆ. ನನ್ನ ಪ್ರಕಾರ ಕೀವರ್ಡ್, ಅಂದರೆ ಹುಡುಕಾಟದ ಪದ ಆರಿಸುವ ಈ ವಿದ್ಯೆ ಬೆಳೆದದ್ದು ‘ಎಷ್ಟು ಜನ ಹುಡುಕುತ್ತಾರೆ’ ಎಂಬ ಎಣಿಕೆಯಿಂದಲ್ಲ, ‘ಪೈಪೋಟಿ ಎಂದರೇನು’ ಎಂಬ ತಕರಾರಿನಿಂದ.

ಬೇರು ಅಂತರ್ಜಾಲಕ್ಕಿಂತ ಹಳೆಯದು. ಕೇಂಬ್ರಿಜ್‌ನ ಕ್ಯಾರೆನ್ ಸ್ಪಾರ್ಕ್ ಜೋನ್ಸ್ 1972ರಲ್ಲಿ ಒಂದು ಸರಳ ವಿಚಾರ ಮಂಡಿಸಿದರು: ಹೆಚ್ಚು ದಾಖಲೆಗಳಲ್ಲಿ ಕಾಣುವ ಪದಕ್ಕೆ ತೂಕ ಕಡಿಮೆ, ಅಪರೂಪದ ಪದಕ್ಕೆ ತೂಕ ಹೆಚ್ಚು. ‘ದೇವಸ್ಥಾನ’ ಎಂಬುದು ಎಲ್ಲೆಡೆ ಇದೆ, ‘ಧಾರಾನಾಥ’ ಕೆಲವೇ ಕಡೆ. ಹಾಗಾಗಿ ಹುಡುಕಾಟದಲ್ಲಿ ದಾರಿ ತೋರಿಸುವುದು ಎರಡನೆಯದು. ಆಗ ಇದು ಗ್ರಂಥಾಲಯದವರ ಸಮಸ್ಯೆಯಾಗಿತ್ತು, ವ್ಯಾಪಾರಿಗಳದ್ದಲ್ಲ.

ಪದಕ್ಕೆ ಬೆಲೆ ಬಂದದ್ದು 1998ರಲ್ಲಿ. ಅಮೆರಿಕದ ಬಿಲ್ ಗ್ರಾಸ್ ಆರಂಭಿಸಿದ ಗೋಟು ಡಾಟ್ ಕಾಮ್ ಹುಡುಕಾಟದ ಪದಗಳನ್ನು ಹರಾಜಿಗೆ ಇಟ್ಟಿತು. ಕ್ಲಿಕ್ಕಿಗೆ ಹೆಚ್ಚು ಕೊಟ್ಟವರು ಮೇಲೆ. 2001ರಲ್ಲಿ ಅದು ಓವರ್ಚರ್ ಆಯಿತು, 2003ರಲ್ಲಿ ಯಾಹೂ ಪಾಲಾಯಿತು. ಒಂದು ಪದವನ್ನು ಕಳೆದ ತಿಂಗಳು ಎಷ್ಟು ಸಲ ಹುಡುಕಿದ್ದಾರೆಂದು ಅದರ ಉಪಕರಣ ಪುಕ್ಕಟೆಯಾಗಿ ತೋರಿಸುತ್ತಿತ್ತು. ಗೂಗಲ್ ತನ್ನ ಆಡ್‌ವರ್ಡ್ಸ್ ಎಂಬ ಜಾಹೀರಾತು ಸೇವೆ ತೆರೆದದ್ದು 2000ದಲ್ಲಿ.

ಬೇಡಿಕೆಯ ಅಂಕಿ ಕೈಗೆ ಸಿಕ್ಕಮೇಲೆ ಬೇಡಿಕೆ, ಪೈಪೋಟಿ ಎರಡನ್ನೂ ತೂಗುವ ಸೂತ್ರ ಬರಲೇಬೇಕಿತ್ತು. ಸುಮಂತ್ರ ರಾಯ್ ಎಂಬ ತಜ್ಞರ ಹೆಸರಿನೊಂದಿಗೆ ಪ್ರಚಾರಕ್ಕೆ ಬಂದ ಕೆಇಐ ಸೂತ್ರ ಹೀಗಿತ್ತು: ಹುಡುಕಾಟದ ಸಂಖ್ಯೆಯ ವರ್ಗವನ್ನು ಆ ಪದವಿರುವ ಪುಟಗಳ ಸಂಖ್ಯೆಯಿಂದ ಭಾಗಿಸಿ. ಬರೀ ಉದಾಹರಣೆಗೆ, ಒಂದು ಪದಕ್ಕೆ ತಿಂಗಳಿಗೆ 100 ಹುಡುಕಾಟ, ಎದುರಿಗೆ 1,000 ಪುಟ ಎನ್ನೋಣ, ಅಂಕ 10. ಇನ್ನೊಂದಕ್ಕೆ 10,000 ಹುಡುಕಾಟ, ಒಂದು ಕೋಟಿ ಪುಟ. ಅದರ ಅಂಕವೂ 10! ಸೂತ್ರದ ದೃಷ್ಟಿಯಲ್ಲಿ ಎರಡೂ ಒಂದೇ. ಹೋಮ್‌ಸ್ಟೇಯವರಿಗೆ ಮೊದಲನೆಯದು ಎಟಕುತ್ತದೆ, ಎರಡನೆಯದು ಜನ್ಮದಲ್ಲಿ ಎಟಕುವುದಿಲ್ಲ. ಒಟ್ಟು ಪುಟ ಎಣಿಸುವುದೆಂದರೆ ಕುಮಟಾ ಪೇಟೆಯ ಎಲ್ಲ ಅಂಗಡಿಗಳನ್ನೂ ಎಣಿಸಿ ಹೆದರಿದ ಹಾಗೆ. ಎದುರಾಳಿಗಳು ಬಾಗಿಲಲ್ಲೇ ಕೂತ ಹತ್ತು ಮಂದಿ, ಅಂದರೆ ಹುಡುಕಿದಾಗ ಮೊದಲು ಕಾಣುವ ಹತ್ತು ಪುಟಗಳು ಮಾತ್ರ.

ಈ ಹತ್ತು ಮಂದಿಯ ಬಲ ಅಳೆಯುವುದು ಮುಂದಿನ ಘಟ್ಟ. ಪುಟಕ್ಕೆ ಬರುವ ಕೊಂಡಿಗಳಿಂದ ಅದರ ಯೋಗ್ಯತೆ ಅಳೆಯುವ ಪೇಜ್‌ರ್‍ಯಾಂಕ್‌ ಮೇಲೆ ಗೂಗಲ್ ನಿಂತಿತ್ತು. ಆ ಜಾಡಿನಲ್ಲೇ ಮಾಜ್, ಏಚ್‌ರೆಫ್ಸ್, ಸೆಮ್‌ರಷ್ ಕಂಪನಿಗಳು ಪ್ರತಿ ಪದಕ್ಕೂ 100ರೊಳಗಿನ ‘ಕಷ್ಟದ ಅಂಕ’ ಕೊಡತೊಡಗಿದವು. ಏಚ್‌ರೆಫ್ಸ್ ನೋಡುವುದು ಮುಖ್ಯವಾಗಿ ಮೊದಲ ಹತ್ತು ಪುಟಗಳಿಗೆ ಎಷ್ಟು ತಾಣಗಳು ಕೊಂಡಿ ಕೊಟ್ಟಿವೆ ಎಂಬುದನ್ನು. ಉಳಿದವರ ಲೆಕ್ಕ ಬೇರೆ. ಹಾಗಾಗಿ ಒಂದೇ ಪದಕ್ಕೆ ಒಬ್ಬರು ಸುಲಭ ಎಂದರೆ ಇನ್ನೊಬ್ಬರು ಕಷ್ಟ ಎನ್ನುತ್ತಾರೆ.

ಇಂದಿಗೂ ಬಹುಮಂದಿ ಎಡವುವ ಜಾಗ ಗೂಗಲ್‌ನ ಜಾಹೀರಾತುದಾರರಿಗಾಗಿ ಮಾಡಿದ ಉಪಕರಣ ಕೀವರ್ಡ್ ಪ್ಲಾನರ್. 2013ರಲ್ಲಿ ಬಂದ ಅದರಲ್ಲಿ ‘ಪೈಪೋಟಿ: ಕಡಿಮೆ’ ಎಂದಿದ್ದರೆ ಜಾಹೀರಾತುದಾರರು ಕಡಿಮೆ ಎಂದಷ್ಟೇ ಅರ್ಥ. ದೇವಸ್ಥಾನದ ಪೂಜಾಸಮಯಕ್ಕೆ ಯಾರು ದುಡ್ಡು ಕೊಟ್ಟು ಜಾಹೀರಾತು ಹಾಕುತ್ತಾರೆ? ಆದರೆ ಅದೇ ಪದಕ್ಕೆ ಹತ್ತಾರು ಯಾತ್ರಾ ತಾಣಗಳು ಪುಟ ಬರೆದಿರಬಹುದು. ಮೇಲಾಗಿ, 2016ರಿಂದ ಜಾಹೀರಾತಿಗೆ ಹೆಚ್ಚು ಖರ್ಚು ಮಾಡದವರಿಗೆ ನಿಖರ ಸಂಖ್ಯೆಯೂ ಇಲ್ಲ, ‘100ರಿಂದ 1,000’ ಎಂಬಂಥ ಅಂದಾಜು ಮಾತ್ರ. ಅದೂ ಹನ್ನೆರಡು ತಿಂಗಳ ಸರಾಸರಿ. ಜೂನ್‌ನಲ್ಲಿ ಸಮುದ್ರಕ್ಕೆ ಇಳಿಯಲಾಗದ, ಡಿಸೆಂಬರಿನಲ್ಲಿ ರೂಮು ಸಿಗದ ನಮ್ಮ ಕರಾವಳಿಗೆ ಸರಾಸರಿಯಿಂದ ಏನು ಪ್ರಯೋಜನ? ಏರಿಳಿತ ತಿಳಿಯಲು 2006ರಲ್ಲಿ ಬಂದ ಗೂಗಲ್ ಟ್ರೆಂಡ್ಸ್ ಮೇಲು. ಆದರೆ ಧಾರೇಶ್ವರದಂಥ ಸಣ್ಣ ಊರಿನ ಪದಗಳಿಗೆ ಅಲ್ಲೂ ಗೆರೆ ಮೂಡುವುದು ಅಪರೂಪ.

ಇನ್ನೊಂದು ಕಡೆ, 2004ರಲ್ಲಿ ಕ್ರಿಸ್ ಆಂಡರ್ಸನ್ ‘ಉದ್ದ ಬಾಲ’ದ, ಅಂದರೆ ಸಣ್ಣ ಸಣ್ಣ ಬೇಡಿಕೆಗಳೂ ಸೇರಿ ದೊಡ್ಡದಾಗುತ್ತವೆ ಎಂಬ ವಿಚಾರ ಬರೆದ ಮೇಲೆ, ಕೆಲವರಷ್ಟೇ ಹುಡುಕುವ ಉದ್ದನೆಯ ಪದಗುಚ್ಛಗಳಿಗೂ ಬೆಲೆ ಬಂತು. ದಿನನಿತ್ಯದ ಹುಡುಕಾಟಗಳಲ್ಲಿ ಸುಮಾರು ಶೇ. 15 ಹಿಂದೆಂದೂ ಕಾಣದವು ಎಂದು ಗೂಗಲ್ಲೇ ಹೇಳುತ್ತ ಬಂದಿದೆ. 2013ರ ಹಮ್ಮಿಂಗ್‌ಬರ್ಡ್, 2019ರ ಬರ್ಟ್ ಎಂಬ ಬದಲಾವಣೆಗಳ ನಂತರ ಗೂಗಲ್‌ನ ಹುಡುಕಾಟ ಯಂತ್ರ ಅಕ್ಷರಕ್ಕಿಂತ ಉದ್ದೇಶವನ್ನು ಹಿಡಿಯಲು ನೋಡುತ್ತದೆ. ಭಾಗವತರ ಹಾಡು ಬೇಕಾದವನಿಗೆ ಕಡಲತೀರದ ರೂಮು ತೋರಿಸಿ ಲಾಭವಿಲ್ಲ. ಅಲ್ಲಿಗೆ ‘ಧಾರೇಶ್ವರ’ ಎಂಬ ಒಂಟಿ ಪದಕ್ಕೆ ಎಷ್ಟೇ ಹುಡುಕಾಟವಿರಲಿ, ಅದರಲ್ಲಿ ಹೋಮ್‌ಸ್ಟೇಯ ಪಾಲು ಸ್ವಲ್ಪವೇ. ಭಾರತಕ್ಕೆ 2024ರ ಆಗಸ್ಟ್‌ನಲ್ಲಿ ಬಂದ ಗೂಗಲ್‌ನ ಎಐ ಸಾರಾಂಶಗಳು ಇನ್ನೊಂದು ತೊಡಕು ತಂದಿವೆ: ಉತ್ತರ ಮೇಲೆಯೇ ಸಿಕ್ಕರೆ ಕ್ಲಿಕ್ಕೇ ಇಲ್ಲ.

ಹಾಗಾದರೆ ಆರಿಸುವುದು ಹೇಗೆ? ‘ಗೋಕರ್ಣ ಬೀಚ್ ರೆಸಾರ್ಟ್’ ಎಂಬುದರ ಬೆನ್ನು ಹತ್ತುವುದು ದುಡ್ಡಿನ ದಂಡ. ‘ಧಾರೇಶ್ವರ ದೇವಸ್ಥಾನದ ಹತ್ತಿರ ಉಳಿಯಲು ರೂಮು’, ‘ಕುಮಟಾ ಸ್ಟೇಷನ್ನಿನಿಂದ ಧಾರೇಶ್ವರಕ್ಕೆ ಹೇಗೆ’ ಎಂಬಂಥವು ಉಪಕರಣದಲ್ಲಿ ಸೊನ್ನೆ ತೋರಿಸಿದರೂ ಹಿಡಿಯಬೇಕಾದವು. ಆ ಸೊನ್ನೆ ಎಷ್ಟೋ ಸಲ ‘ಎಣಿಸುವಷ್ಟು ಇಲ್ಲ’ ಎಂದಷ್ಟೇ. ಕನ್ನಡ ಅಕ್ಷರದಲ್ಲಿ ಹುಡುಕುವವರೂ ಇದ್ದಾರೆ, ಇಂಗ್ಲಿಷ್ ಅಕ್ಷರದಲ್ಲಿ ನಾಲ್ಕು ಬಗೆಯಾಗಿ ಬರೆಯುವವರೂ ಇದ್ದಾರೆ. ಪುಟ ಕನ್ನಡದಲ್ಲೂ ಇರಲಿ, ಅಲ್ಲಿ ಎದುರಾಳಿಗಳು ಕಡಿಮೆ. ನಕ್ಷೆಯಲ್ಲಿ ಹುಡುಕುವವರಿಗೆ ದೂರವೂ ಮುಖ್ಯ, ಹಾಗಾಗಿ ಗೂಗಲ್ ಮ್ಯಾಪ್‌ನಲ್ಲಿ ಮನೆಯ ವಿಳಾಸ, ಫೋಟೊ, ಸಮಯ ಸರಿಯಾಗಿರಲಿ. ಜನ ಯಾವ ಪದ ಬರೆದಾಗ ನಿಮ್ಮ ಪುಟ ಕಾಣಿಸಿತು ಎಂಬುದನ್ನು ಗೂಗಲ್‌ನ ಸರ್ಚ್ ಕನ್ಸೋಲ್ ಪುಕ್ಕಟೆಯಾಗಿ ತೋರಿಸುತ್ತದೆ. ಪುಟ ಹಾಕಿ ಮೂರು ತಿಂಗಳಾದ ಮೇಲೆ ಆ ಪಟ್ಟಿ ತೆರೆದು ನೋಡಿ, ಮುಂದಿನ ಪದಗಳನ್ನು ಅದರಿಂದಲೇ ಆರಿಸಿಕೊಳ್ಳಿ.