ಪಹಣಿಯಲ್ಲಿ ಉಳಿದ ಒಂದು ಸಾಲು

ಚಿತ್ರದುರ್ಗದ ಜೋಗಿಮಟ್ಟಿಯ ಮೇಲಿಂದ ನೋಡಿದರೆ ಕೆಳಗಿನ ಮಳೆಯಾಶ್ರಿತ ಹೊಲಗಳೆಲ್ಲ ಒಂದೇ ಹರವಿನಂತೆ ಕಾಣುತ್ತವೆ. ಕಾಗದದಲ್ಲಿ ಹಾಗಲ್ಲ. ಒಂದು ಪಿತ್ರಾರ್ಜಿತ, ಇನ್ನೊಂದು ಕ್ರಯಕ್ಕೆ ಬಂದದ್ದು, ಮತ್ತೊಂದು ಸರ್ಕಾರ ಮಂಜೂರು ಮಾಡಿದ್ದು. ಮೂರನೆಯದಕ್ಕೆ ‘ಪರಭಾರೆ ಮಾಡತಕ್ಕದ್ದಲ್ಲ’ ಎಂಬ ಷರತ್ತು ಅಂಟಿರುತ್ತದೆ. ನಾನು ಭೂಮಿಯ ಇತಿಹಾಸ ಓದುತ್ತಿದ್ದೇನೆಂದು ತಿಳಿದವರು ‘ಆ ಸಾಲು ತೆಗೆಸುವುದು ಹೇಗೆ?’ ಎಂದು ಕೇಳುತ್ತಾರೆ. ಅದನ್ನು ಯಾಕೆ ಬರೆದರು ಎಂದು ಕೇಳುವವರು ಕಡಿಮೆ.

ಪಹಣಿಯ 11ನೇ ಕಾಲಂನಲ್ಲಿ ಬ್ಯಾಂಕಿನ ಸಾಲ ಕೂತಿದ್ದರೆ, ತೀರುವಳಿ ಪತ್ರ ಕೊಟ್ಟು ತೆಗೆಸಬಹುದು. ನ್ಯಾಯಾಲಯದಲ್ಲಿ ಹಾಕಿದ ಕೇವಿಯಟ್ 90 ದಿನಕ್ಕೆ ತಾನಾಗಿಯೇ ಮುಗಿಯುತ್ತದೆ. ಮಂಜೂರಾತಿಯ ಷರತ್ತು ಅಷ್ಟು ಸುಲಭಕ್ಕೆ ಹೋಗುವುದಿಲ್ಲ.

ಚಿತ್ರದುರ್ಗ ಹಳೆಯ ಮೈಸೂರು ಸಂಸ್ಥಾನದ ಜಿಲ್ಲೆ. 1888ರ ಮೈಸೂರು ಭೂಕಂದಾಯ ಸಂಹಿತೆಯಡಿ ಬಂದ ನಿಯಮಗಳು, ಆಗ ‘ಡಿಪ್ರೆಸ್ಡ್ ಕ್ಲಾಸ್’ ಎಂದು ಕರೆಯುತ್ತಿದ್ದ ಸಮುದಾಯಗಳಿಗೆ ಉಚಿತವಾಗಿ ಕೊಟ್ಟ ಭೂಮಿ ಕೈಬದಲಾಗಬಾರದು ಎಂದವು. 1969ರ ಭೂಮಂಜೂರಾತಿ ನಿಯಮಗಳು 15 ವರ್ಷದ ಗಡುವು ಹಾಕಿದವು. ಕಾರಣ ಸರಳ. ಒಂದು ಬರಗಾಲ, ಒಂದು ಮದುವೆ, ಒಂದು ಕಾಯಿಲೆ ಸಾಕಿತ್ತು, ಹೊಲ ಸಾಲ ಕೊಟ್ಟವನ ಪಾಲಾಗಲು.

ಆದರೂ ಹೊಲಗಳು ಮಾರಾಟವಾದವು. ಷರತ್ತು ಇದ್ದದ್ದು ತಾಲ್ಲೂಕು ಕಚೇರಿಯ ಮಂಜೂರಾತಿ ಕಡತದಲ್ಲಿ, ಸಾಗುವಳಿ ಚೀಟಿಯಲ್ಲಿ. ಕ್ರಯಪತ್ರ ನೋಂದಣಿಯಾದದ್ದು ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ. ಎರಡು ಕಚೇರಿಗಳ ನಡುವಿನ ಈ ಸಂದಿಯಲ್ಲಿ ಷರತ್ತು ಸದ್ದಿಲ್ಲದೆ ಜಾರಿಹೋಯಿತು.

ಆ ಸಂದಿಯನ್ನು ಮುಚ್ಚಲು ಬಂದದ್ದು ದೇವರಾಜ ಅರಸರ ಕಾಲದ 1978ರ ಕಾಯ್ದೆ, ಜನರ ಬಾಯಲ್ಲಿ ಪಿಟಿಸಿಎಲ್. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನನ್ನು ಷರತ್ತು ಮೀರಿ ಮಾರಿದ್ದರೆ, ಆ ಮಾರಾಟ ಕಾಯ್ದೆಗಿಂತ ಹಿಂದಿನದಾದರೂ ಅಸಿಂಧು. ಉಪವಿಭಾಗಾಧಿಕಾರಿ ಅದನ್ನು ಮೂಲ ಮಂಜೂರುದಾರರಿಗೆ ಅಥವಾ ಅವರ ವಾರಸುದಾರರಿಗೆ ಮರಳಿಸಬೇಕು. ಮುಂದೆ ಮಾರಬೇಕಾದರೆ ಸರ್ಕಾರದ ಪೂರ್ವಾನುಮತಿ ಬೇಕು. ಇಂಥ ಜಮೀನುಗಳ ಪಟ್ಟಿ ನೋಂದಣಿ ಅಧಿಕಾರಿಯ ಕೈಸೇರಬೇಕು ಎಂದೂ ಕಾಯ್ದೆ ಹೇಳಿತು. 1984ರ ಮಂಚೇಗೌಡ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕಾಯ್ದೆಯನ್ನು ಎತ್ತಿಹಿಡಿಯಿತು. ಕಾಯ್ದೆ ಬರುವ ಮೊದಲೇ ದೀರ್ಘ ಅನುಭವದಿಂದ ಹಕ್ಕು ಪಕ್ಕಾ ಮಾಡಿಕೊಂಡವರನ್ನು ಮಾತ್ರ ಹೊರಗಿಟ್ಟಿತು.

ಆಮೇಲಿನ ಜಗಳ ಕಾಲದ್ದು. 2017ರ ನೆಕ್ಕಂಟಿ ರಾಮಲಕ್ಷ್ಮಿ ಪ್ರಕರಣದಲ್ಲಿ ಅದೇ ನ್ಯಾಯಾಲಯ, ಮರಳಿ ಕೇಳುವುದಿದ್ದರೆ ಸಮಂಜಸವಾದ ಅವಧಿಯೊಳಗೆ ಕೇಳಬೇಕು ಎಂದಿತು. 2023ರಲ್ಲಿ ಕರ್ನಾಟಕದ ಶಾಸನಸಭೆ ಅರ್ಜಿಗೆ ಕಾಲಮಿತಿಯೇ ಇಲ್ಲವೆಂದು ತಿದ್ದುಪಡಿ ತಂದಿತು.

ಕೊಂಡವರೆಲ್ಲ ಸಾಹುಕಾರರಲ್ಲ. ಅಪ್ಪ ಬೆವರು ಹರಿಸಿ ಕೊಂಡ ಎರಡೆಕರೆಯನ್ನು ಬಿಟ್ಟುಕೊಡಬೇಕಾದ ರೈತನ ಸಂಕಟ ಸುಳ್ಳಲ್ಲ. ಅಜ್ಜನ ಹೆಸರಿನ ಸಾಗುವಳಿ ಚೀಟಿಯನ್ನು ಟ್ರಂಕಿನಲ್ಲಿಟ್ಟುಕೊಂಡು ಕೂಲಿಗೆ ಹೋಗುವ ಮೊಮ್ಮಗಳ ಹಕ್ಕೂ ಸುಳ್ಳಲ್ಲ. ಇಬ್ಬರನ್ನೂ ಎದುರುಬದುರು ನಿಲ್ಲಿಸಿದ್ದು ಷರತ್ತಲ್ಲ, ಅದನ್ನು ಓದದೆ ಮುಂದೆ ಸಾಗಿದ ಕಡತಗಳು.

ಇವತ್ತು ಜೋಗಿಮಟ್ಟಿಯ ಸಾಲಿನಲ್ಲಿ ಗಾಳಿಯಂತ್ರಗಳು ತಿರುಗುತ್ತಿವೆ, ಪಕ್ಕದಲ್ಲೇ ಹೆದ್ದಾರಿಯಿದೆ. ಇಲ್ಲಿ ಜಮೀನು ಕೊಳ್ಳುವವರು ಈ ವರ್ಷದ ಪಹಣಿಯೊಂದನ್ನೇ ನೋಡಿದರೆ ಸಾಲದು, ಮೂಲ ಮಂಜೂರಾತಿ ಆದೇಶವನ್ನು ತೆಗೆಸಿ ಓದಬೇಕು. ಸಾಲು ಅಳಿಸಲು ಹೊರಡುವ ಮೊದಲು, ಅದು ಯಾರ ಹೊಲವನ್ನು ಕಾಯುತ್ತಿದೆ ಎಂಬುದು ಅಲ್ಲಿ ಬರೆದಿರುತ್ತದೆ.