ಮೂಲೆಗೆ ಹೋದ ಒತ್ವ

ಎಸ್.ಪಿ. ರಸ್ತೆಯ ಅಂಗಡಿಯೊಂದರಲ್ಲಿ ಮಗಳಿಗೆ ಪುಟ್ಟದೊಂದು ಮೆಕ್ಯಾನಿಕಲ್ ಕೀಬೋರ್ಡ್ ಹಿಡಿಸಿತು. ಬಲಕ್ಕೆ ಅಂಕಿಗಳ ಕಟ್ಟಿಲ್ಲ, ಮೇಲೆ ಎಫ್ ಸಾಲಿಲ್ಲ, ಒಟ್ಟು 61 ಕೀಲಿ. ಅಲ್ಲಿಯ ಕಂಪ್ಯೂಟರಿಗೆ ಸಿಕ್ಕಿಸಿ ‘ಕೊಡಗು’ ಎಂದು ಹೊಡೆಯಹೋದವಳ ಬೆರಳು ನಿಂತಿತು. “ಅಮ್ಮ, ಇದರಲ್ಲಿ ಒತ್ವವೇ ಇಲ್ಲ!”

ಅಂಗಡಿಯವರು ನೋಡಿ, “ಎಫ್‌ಎನ್ ಹಿಡ್ಕೊಂಡು ಎಸ್ಕೇಪ್ ಒತ್ತಿ ಮೇಡಮ್” ಎಂದರು. ಒತ್ವ ಬಂತು. ಆದರೆ ‘ಒಂದು’ ಎಂದು ಶುರುಮಾಡಲು ಅದರ ಜೊತೆಗೆ ಶಿಫ್ಟನ್ನೂ ಹಿಡಿಯಬೇಕು. ಒಂದು ಅಕ್ಷರಕ್ಕೆ ಮೂರು ಕೀಲಿ.

ನಾನು ಬೆರಳಚ್ಚು ಕಲಿತದ್ದು ಶಿವಮೊಗ್ಗದಲ್ಲಿ, ಅನಂತ ಸುಬ್ಬರಾಯರು ರೂಪಿಸಿದ ಕೀಲಿಮಣೆಯ ಮೇಲೆ. ಅಲ್ಲಿ ಕೊಂಬಿಗೆ ಒಂದು ಕೀಲಿ, ಒತ್ತಿಗೆ ಇನ್ನೊಂದು; ಅಕ್ಷರವನ್ನು ತುಂಡುತುಂಡಾಗಿ ಜೋಡಿಸಿ ಕಟ್ಟಬೇಕಿತ್ತು. ಆಮೇಲೆ ಪುಸ್ತಕಗಳ ಡಿಟಿಪಿಗೆ ಬಂದೆ. ಮಗಳು ಕಲಿತದ್ದು ವಿಂಡೋಸ್ ಜೊತೆಗೇ ಬರುವ ಇನ್‌ಸ್ಕ್ರಿಪ್ಟ್.

ಅದನ್ನು ಕೇಂದ್ರದ ಇಲೆಕ್ಟ್ರಾನಿಕ್ಸ್ ಇಲಾಖೆ 1986ರಲ್ಲಿ ತಂದಿತು. ಭಾರತದ ಲಿಪಿಗಳಿಗೆಲ್ಲ ಒಂದೇ ವಿನ್ಯಾಸ: ಎಡಗೈಗೆ ಸ್ವರ, ಬಲಗೈಗೆ ಹೆಚ್ಚಿನ ವ್ಯಂಜನ. ಇದರ ಉಪಕಾರ ಸಣ್ಣದಲ್ಲ. ಕನ್ನಡ ಹೊಡೆಯುವ ಕೈ ತೆಲುಗನ್ನೂ ಹೊಡೆಯುತ್ತದೆ. ಅನುವಾದದ ಕೆಲಸ ಮಾಡುವ ಮಗಳಿಗೆ ಇದು ಹೊಟ್ಟೆಪಾಡು. ಆದರೆ ಹಿಂದಿಯ ಬರಹದಲ್ಲಿ ಹ್ರಸ್ವ ಎ, ಒ ಬೇಕಾಗುವುದಿಲ್ಲ. ಏತ್ವ, ಓತ್ವಗಳಿಗೆ ಬೆರಳು ಕೂರುವ ನಡುಸಾಲೇ ಸಿಕ್ಕಿತು. ಎತ್ವ ಕೆಳಸಾಲಿನ ಝಡ್‌ಗೆ ಹೋಯಿತು. ಒತ್ವ 1ರ ಅಂಕಿಗಿಂತಲೂ ಆಚೆ, ಎಡತುದಿಯ ಮೂಲೆಗೆ. ಕೊಡು, ತೊಡು, ಹೊಲ, ಮೊಸರು ಎಂದು ದಿನವಿಡೀ ಬರೆಯುವ ನಮಗೆ ಇದು ಸಲ್ಲದ ಜಾಗ. ಕೀಬೋರ್ಡು ಚಿಕ್ಕದಾಗುತ್ತ ಬಂದಾಗ ಆ ಮೂಲೆಯೂ ಬಲಿಯಾಯಿತು.

ಕಿನ್ನಿಕಂಬಳ ಪದ್ಮನಾಭ ರಾಯರು, ನಮಗೆಲ್ಲ ಕೆ.ಪಿ. ರಾವ್, ಹಿಡಿದ ದಾರಿ ಬೇರೆ. ಇಂಗ್ಲಿಷಿನ 26 ಕೀಲಿಗಳ ಮೇಲೆ ಅವರು ಕನ್ನಡದ ಧ್ವನಿಗಳನ್ನು ಕೂರಿಸಿದರು. ಕೆ ಎಂದರೆ ಕ, ಶಿಫ್ಟ್ ಸೇರಿದರೆ ಖ. ಟಿ ಕೀಲಿಯನ್ನು ತ, ಡಿ ಕೀಲಿಯನ್ನು ದ ಹಿಡಿದ ಮೇಲೆ ಟ, ಡಗಳಿಗೆ ಎಲ್ಲಿ ಜಾಗ? ಕನ್ನಡಕ್ಕೆ ಬೇಕಿಲ್ಲದ ಕ್ಯೂ, ಡಬ್ಲ್ಯೂಗಳಲ್ಲಿ. ಎಫ್ ಕೂಡ ನಮಗೆ ಹೆಚ್ಚುವರಿಯೇ. ಅದು ಒತ್ತಕ್ಷರ ಕೂಡಿಸುವ ಕೀಲಿಯಾಯಿತು. ಎಡ ತೋರುಬೆರಳಿಗೆ ಗುರುತಾಗಲೆಂದು ಕೀಬೋರ್ಡಿನಲ್ಲಿ ಸಣ್ಣ ಉಬ್ಬು ಇರುವುದು ಅಲ್ಲೇ. ಕೆ, ಎನ್, ಎಫ್, ಎನ್, ಡಬ್ಲ್ಯೂ: ಐದು ಹೊಡೆತಕ್ಕೆ ‘ಕನ್ನಡ’. ಒತ್ವ ಎಲ್ಲಿ ಎಂದು ಯಾರೂ ಕೇಳಬೇಕಿಲ್ಲ, ಅದು ಓ ಕೀಲಿಯಲ್ಲಿದೆ. ಸೇಡಿಯಾಪು ಕೃಷ್ಣಭಟ್ಟರ ಹೆಸರಿಟ್ಟ ತಂತ್ರಾಂಶವನ್ನು ರಾಯರು ಉಚಿತವಾಗಿ ಕೊಟ್ಟರು. ಅಲ್ಪಸ್ವಲ್ಪ ಬದಲಾವಣೆಯೊಂದಿಗೆ ಸರ್ಕಾರ ಒಪ್ಪಿದ್ದೂ, ‘ನುಡಿ’ ತಂತ್ರಾಂಶದಲ್ಲಿ ಇಂದಿಗೂ ನಾನು ಹೊಡೆಯುವುದೂ ಇದೇ ವಿನ್ಯಾಸ. ಅದನ್ನು ನೆನೆದಾಗಲೆಲ್ಲ ನನಗೆ ಕೃತಜ್ಞತೆ ಉಕ್ಕುತ್ತದೆ.

ಆ 61 ಕೀಲಿಯ ಹಲಗೆಯ ಮೇಲೆ ಇಡೀ ಪುಟ ಹೊಡೆದು ನೋಡಿದೆ. ಕನ್ನಡದ ಒಂದಕ್ಷರಕ್ಕೂ ಎಫ್‌ಎನ್ ಮುಟ್ಟಬೇಕಾಗಲಿಲ್ಲ.

ಹಾಗಾಗಿ ಅದು ನನ್ನದಾಯಿತು. ಅಂಕಿಸಾಲಿನ ಮೇಲೆ ಎಸ್ಕೇಪಿಗೆ ಬೇರೆ ಸಾಲಿರುವ, ಎಡಮೂಲೆಯ ಕೀಲಿ ಉಳಿದಿರುವ ಇನ್ನೊಂದನ್ನು ಮಗಳಿಗೆ ಆರಿಸಿದೆವು. ದುಡ್ಡು ಕೊಡುವ ಮೊದಲು ಅವಳು ಅದರಲ್ಲಿ ‘ಕೊಡಗು’ ಹೊಡೆದಳು, ಆಮೇಲೆ ‘ಒಂದು’, ‘ಹೊಲ’, ‘ತೊಟ್ಟಿಲು’.